ಗಾಜಿನ ತಪ್ಪು

ನಾನು ತಪ್ಪುಗಳನ್ನು ಮಾಡಿ ಜೀವನ ನಡೆಸುವವನು. ಹೀಗೆಂದರೆ ಕೇಳಿದವರು ನಗುತ್ತಾರೆ. ತಪ್ಪು ಮಾಡದವರು ಯಾರಿದ್ದಾರೆ, ಆದರೆ ಅದಕ್ಕೆ ಸಂಬಳ ಕೊಡುವವರೂ ಉಂಟೇ ಎಂದು ಕೇಳುತ್ತಾರೆ. ಉಂಟು. ಬೆಂಗಳೂರಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಹಗಲಿನಲ್ಲೂ ಕಿಟಕಿಗಳಿಗೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ ಕುಳಿತು ನಾನು ಚಲನಚಿತ್ರಗಳ ದೃಶ್ಯಗಳನ್ನು ಜೋಡಿಸುತ್ತೇನೆ. ಒಂದು ಕಡೆ ತೆಗೆದ ನಟರು, ಇನ್ನೊಂದು ಕಡೆ ತೆಗೆದ ಆಕಾಶ, ಎಲ್ಲಿಯೂ ಇಲ್ಲದೆ ಕಂಪ್ಯೂಟರಿನೊಳಗೇ ಕಟ್ಟಿದ ಕೋಟೆ, ಇವೆಲ್ಲವನ್ನೂ ಒಂದರ ಮೇಲೊಂದು ಹರಡಿ, ಒಂದೇ ಕ್ಯಾಮೆರಾ ಒಂದೇ ಗಳಿಗೆಯಲ್ಲಿ ಕಂಡದ್ದೆಂದು ಪ್ರೇಕ್ಷಕರು ನಂಬುವಂತೆ ಮಾಡುವುದು ನನ್ನ ಕೆಲಸ. ಇದಕ್ಕೆ ಕಾಂಪೊಸಿಟಿಂಗ್ ಎಂದು ಹೆಸರು. ಎಲ್ಲವನ್ನೂ ಚೊಕ್ಕಟವಾಗಿ ಜೋಡಿಸಿದ ಮೇಲೆ, ಎಷ್ಟೋ ಸಲ, ಕೊನೆಯಲ್ಲಿ ಅದಕ್ಕೊಂದು ತಪ್ಪನ್ನು ಸೇರಿಸಬೇಕಾಗುತ್ತದೆ. ಆ ತಪ್ಪಿನ ಹೆಸರು ಲೆನ್ಸ್ ಫ್ಲೇರ್.

ಇದನ್ನು ನೋಡದವರಿಲ್ಲ. ಚಿತ್ರದಲ್ಲಿ ನಾಯಕನ ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ. ಸೂರ್ಯನ ಸುತ್ತ ಮುಳ್ಳುಮುಳ್ಳಾದ ನಕ್ಷತ್ರವೊಂದು ಅರಳುತ್ತದೆ. ಅಲ್ಲಿಂದ ಹೊರಟು, ದಾರ ಹರಿದ ಮಣಿಗಳಂತೆ, ಬಣ್ಣಬಣ್ಣದ ಬಿಲ್ಲೆಗಳು ತೆರೆಯ ಅಡ್ಡಕ್ಕೆ ಸಾಲಾಗಿ ನಿಲ್ಲುತ್ತವೆ. ಚಿತ್ರದ ಮೇಲೆಲ್ಲ ತೆಳುವಾದ ಮಂಜು ಕವಿದಂತಾಗುತ್ತದೆ. ಈ ಮಣಿಗಳಾಗಲಿ ಮಂಜಾಗಲಿ ಆ ಸಂಜೆಯಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿ ನಿಂತು ಬರಿಗಣ್ಣಿನಿಂದ ನೋಡಿದವನಿಗೆ ಅವು ಕಾಣುತ್ತಲೂ ಇರಲಿಲ್ಲ. ಅವು ಹುಟ್ಟಿದ್ದು ಕ್ಯಾಮೆರಾದ ಗಾಜಿನೊಳಗೆ.

ಈ ತಪ್ಪನ್ನು ನಾನು ಮೊದಲು ಅರಿತದ್ದು ಬೈಗುಳದ ರೂಪದಲ್ಲಿ. ನನ್ನ ತಂದೆಯವರು ತಿಪಟೂರಿನಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಮದುವೆ, ಮುಂಜಿ, ಶಾಲೆಯ ಗುಂಪು ಚಿತ್ರ, ಗುರುತಿನ ಚೀಟಿಯ ಭಾವಚಿತ್ರ, ಇವೇ ಅವರ ಜೀವನೋಪಾಯ. ಅವರ ಬಳಿ ಸೋವಿಯತ್ ದೇಶದಲ್ಲಿ ತಯಾರಾದ ಜೆನಿಟ್ ಕ್ಯಾಮೆರಾ ಒಂದಿತ್ತು. ಅದಕ್ಕೆ ಹೀಲಿಯೋಸ್ ಎಂಬ ಲೆನ್ಸು. ಹೀಲಿಯೋಸ್ ಎಂದರೆ ಗ್ರೀಕರ ಸೂರ್ಯದೇವ. ಹೆಸರು ಸೂರ್ಯನದಾದರೂ ಆ ಲೆನ್ಸಿಗೂ ಸೂರ್ಯನಿಗೂ ಆಗಿಬರುತ್ತಿರಲಿಲ್ಲ. ಬಿಸಿಲು ಓರೆಯಾಗಿ ಅದರ ಮುಖಕ್ಕೆ ತಾಗಿದರೆ ಸಾಕು, ಚಿತ್ರ ಬೆಳ್ಳಗೆ ಮಂಕಾಗುತ್ತಿತ್ತು. ತಂದೆಯವರ ಮಾತಿನಲ್ಲಿ ಹೇಳುವುದಾದರೆ, ಅದಕ್ಕೆ ‘ಬಿಸಿಲು ಹೊಡೆಯುತ್ತಿತ್ತು’.

ಬಯಲಿನಲ್ಲಿ ಚಿತ್ರ ತೆಗೆಯುವಾಗ ಲೆನ್ಸಿಗೆ ಕೊಡೆ ಹಿಡಿಯುವ ಕೆಲಸ ನನ್ನದಾಗಿತ್ತು. ಆಗ ನನಗೆ ಏಳೆಂಟು ವರ್ಷ. ಮದುಮಕ್ಕಳು ಬಿಸಿಲಿನಲ್ಲಿ ಬೆವರುತ್ತಿದ್ದರೆ ನಾನು ಕ್ಯಾಮೆರಾಕ್ಕೆ ನೆರಳು ಮಾಡಿ ನಿಂತಿರುತ್ತಿದ್ದೆ. ಅದನ್ನು ಕಂಡು ಜನ ನಗುತ್ತಿದ್ದರು. ಕೈ ಸೋತು ಕೊಡೆ ವಾಲಿದರೆ ತಂದೆಯವರು ತಲೆ ಎತ್ತದೆಯೇ ಗದರುತ್ತಿದ್ದರು: “ಬಿಸಿಲಿಗೆ ಮುಖ ಕೊಟ್ಟು ನಿಂತರೆ ನಿನಗೆಷ್ಟು ಕಾಣುತ್ತೆ? ಅದಕ್ಕೂ ಅಷ್ಟೇ ಕಾಣುತ್ತೆ ಕಣೋ. ನೆಟ್ಟಗೆ ಹಿಡಿ.” ಬಿಸಿಲು ಹೊಡೆದ ಚಿತ್ರಗಳನ್ನು ಅವರು ಗಿರಾಕಿಗಳಿಗೆ ಕೊಡುತ್ತಿರಲಿಲ್ಲ. ಹರಿದು ಹಾಕುತ್ತಲೂ ಇರಲಿಲ್ಲ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದರಲ್ಲಿ ನೆಗೆಟಿವುಗಳ ಸಮೇತ ತುಂಬಿಡುತ್ತಿದ್ದರು. “ನಮ್ಮ ತಪ್ಪು ನಮ್ಮ ಮನೆಯಲ್ಲೇ ಇರಲಿ” ಎನ್ನುತ್ತಿದ್ದರು.

ಆದರೆ ತಪ್ಪು ಅವರದೂ ಅಲ್ಲ, ಕೊಡೆ ಹಿಡಿದ ಹುಡುಗನದೂ ಅಲ್ಲ, ಗಾಜಿನದು. ಕಿಟಕಿಯ ಗಾಜಿನ ಮುಂದೆ ನಿಂತವನಿಗೆ ಹೊರಗಿನ ಬೀದಿಯ ಜೊತೆಗೆ ತನ್ನ ಮುಖವೂ ಮಸುಕಾಗಿ ಕಾಣುವುದಿಲ್ಲವೇ? ಗಾಜು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಒಳಗೆ ಬಿಡುವುದಿಲ್ಲ. ಗಾಳಿಯೂ ಗಾಜೂ ಕೂಡುವ ಪ್ರತಿಯೊಂದು ಮೈಯಲ್ಲಿ ನೂರಕ್ಕೆ ಸುಮಾರು 4 ಪಾಲು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಕ್ಯಾಮೆರಾದ ಲೆನ್ಸು ಹೊರಗಿನಿಂದ ಒಂದೇ ಗಾಜಿನಂತೆ ಕಂಡರೂ ಒಳಗೆ ಹಲವು ಗಾಜುಗಳ ಸಂಸಾರ. ಹೀಲಿಯೋಸ್ ಲೆನ್ಸಿನಲ್ಲಿ 6 ಗಾಜುಗಳಿವೆ. ಅವುಗಳಲ್ಲಿ ನಾಲ್ಕು ಎರಡೆರಡಾಗಿ ಅಂಟಿಕೊಂಡಿರುವುದರಿಂದ, ಗಾಳಿಗೆ ತೆರೆದ ಮೈಗಳು 8. ಹಿಂದಿನ ಮೈಯಿಂದ ಪುಟಿದ ಬೆಳಕು ಮುಂದಿನ ಮೈಗೆ ಬಡಿದು ಮತ್ತೆ ಫಿಲ್ಮಿನ ಕಡೆಗೆ ತಿರುಗಬಹುದು. ಹೀಗೆ ಎರಡು ಸಲ ಪುಟಿದು ಬಂದ ಬೆಳಕು, ಸೇರಬೇಕಾದ ಸ್ಥಳದಲ್ಲಿ ಸೇರದೆ, ಬೇರೊಂದು ಕಡೆ ಬಿಲ್ಲೆಯಾಗಿ ಬೀಳುತ್ತದೆ. ಈ ಬಿಲ್ಲೆಗೆ ತಂತ್ರಜ್ಞರು ಘೋಸ್ಟ್ ಎನ್ನುತ್ತಾರೆ, ಎಂದರೆ ದೆವ್ವ. 8 ಮೈಗಳಲ್ಲಿ ಎರಡೆರಡನ್ನು ಆರಿಸಿದರೆ 28 ಜೋಡಿಗಳಾಗುತ್ತವೆ. ಲೆಕ್ಕದ ಪ್ರಕಾರ ತಂದೆಯವರ ಪುಟ್ಟ ಲೆನ್ಸಿನೊಳಗೆ 28 ದೆವ್ವಗಳಿಗೆ ಎಡೆಯಿತ್ತು!

ನೂರಕ್ಕೆ 4ರಲ್ಲಿ ಮತ್ತೆ ನೂರಕ್ಕೆ 4 ಎಂದರೆ ಹತ್ತು ಸಾವಿರಕ್ಕೆ 16 ಪಾಲು. ಇಷ್ಟು ಅಲ್ಪವಾದ ಬೆಳಕು ಚಿತ್ರವನ್ನು ಕೆಡಿಸುವುದೆಂತು ಎಂದು ಯಾರಾದರೂ ಕೇಳಬಹುದು. ದೀಪಕ್ಕಾದರೆ ಅದು ಅಲ್ಪವೇ. ಆದರೆ ಸೂರ್ಯಬಿಂಬವು ಸುತ್ತಲಿನ ಮರಗಿಡಗಳಿಗಿಂತ ಲಕ್ಷಗಟ್ಟಲೆ ಪಾಲು ಪ್ರಕಾಶಮಾನವಾದುದು. ಚಕ್ರವರ್ತಿಯು ಎಸೆದ ಚಿಲ್ಲರೆಯೂ ಬಡವನ ಮನೆಗೆ ಭಂಡಾರವಾಗುವಂತೆ, ಅದರ ಹತ್ತು ಸಾವಿರದ ಪಾಲು ಕೂಡ ಫಿಲ್ಮಿಗೆ ಹೆಚ್ಚೇ.

ಈ ದೋಷವನ್ನು ಕಳೆಯಲು ಬುದ್ಧಿವಂತರು ಬಹುಕಾಲ ಶ್ರಮಿಸಿದರು. ಇಂಗ್ಲೆಂಡಿನಲ್ಲಿ ಲೆನ್ಸುಗಳನ್ನು ರೂಪಿಸುತ್ತಿದ್ದ ಡೆನಿಸ್ ಟೇಲರ್ ಎಂಬವರು 1890ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಹಳೆಯದಾಗಿ ಮೈಮೇಲೆ ಕಲೆಕಟ್ಟಿದ ಲೆನ್ಸು, ಹೊಸದಾಗಿ ಉಜ್ಜಿ ಹೊಳೆಯಿಸಿದ ಲೆನ್ಸಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು! ಗಾಜಿನ ಮೇಲೆ ತಾನಾಗಿ ಬೆಳೆದ ತೆಳುವಾದ ಪೊರೆಯೇ ಅದಕ್ಕೆ ಕಾರಣ. ಆ ಪೊರೆಯನ್ನು ಬೇಕೆಂದೇ ಹಚ್ಚುವ ವಿಧಾನವನ್ನು 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ ಎಂಬ ವಿಜ್ಞಾನಿ ಸಾಧಿಸಿದರು. ಗಾಳಿಯಿಲ್ಲದ ಪಾತ್ರೆಯಲ್ಲಿ, ಬೆಳಕಿನ ಅಲೆಯ ಕಾಲುಭಾಗದಷ್ಟು ತೆಳುವಾದ ಪದರವನ್ನು ಅವರು ಗಾಜಿನ ಮೇಲೆ ಕೂರಿಸಿದರು. ಪದರದ ಮೇಲ್ಮೈಯಿಂದ ಪುಟಿದ ಅಲೆಯೂ ಕೆಳಮೈಯಿಂದ ಪುಟಿದ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಲೆನ್ಸುಗಳನ್ನು ಓರೆಯಾಗಿ ಹಿಡಿದಾಗ ಕಾಣುವ ನೇರಳೆ, ಹಸಿರು ಮಿಂಚು ಈ ಪದರದ್ದೇ. ದೆವ್ವಗಳು ಇದರಿಂದ ಸಾಯಲಿಲ್ಲ, ಬಡಕಲಾದವು, ಬಣ್ಣಗೊಂಡವು.

ಆಮೇಲೆ ಕಾಲ ತಿರುಗಿತು. 1960ರ ದಶಕದಲ್ಲಿ ಅಮೆರಿಕದ ಕೆಲವು ಛಾಯಾಗ್ರಾಹಕರು ಕೊಡೆಯನ್ನು ಬೇಕೆಂದೇ ಪಕ್ಕಕ್ಕಿಟ್ಟರು. 1967ರ ‘ಕೂಲ್ ಹ್ಯಾಂಡ್ ಲ್ಯೂಕ್’ ಚಿತ್ರದಲ್ಲಿ ಕಾನ್ರಾಡ್ ಹಾಲ್, 1969ರ ‘ಈಸಿ ರೈಡರ್’ ಚಿತ್ರದಲ್ಲಿ ಲಾಸ್ಲೊ ಕೊವಾಕ್ಸ್ ಸೂರ್ಯನು ಲೆನ್ಸಿಗೆ ಬಡಿಯುವುದನ್ನು ಹಾಗೆಯೇ ಉಳಿಸಿಕೊಂಡರು. ಬಿಸಿಲಿನಲ್ಲಿ ದುಡಿಯುವ ಕೈದಿಗಳ ಬವಣೆ, ದೂರದ ರಸ್ತೆಯಲ್ಲಿ ಸಾಗುವ ಸವಾರರ ಸ್ವಚ್ಛಂದ ಆ ಮಂಕಿನಲ್ಲಿ ಪ್ರೇಕ್ಷಕರಿಗೆ ಇನ್ನಷ್ಟು ಹತ್ತಿರವಾದವು. ಕಸವೆಂದು ಗುಡಿಸಿದ್ದು ಕಾವ್ಯವಾಯಿತು. ಜನರ ಕಣ್ಣು ಇದಕ್ಕೆ ಎಷ್ಟು ಒಗ್ಗಿಹೋಯಿತೆಂದರೆ, ತೆರೆಯ ಮೇಲೆ ಬಿಸಿಲು ಹೊಡೆದದ್ದು ಕಂಡರೆ, ‘ಇಲ್ಲಿ ಯಾರೋ ನಿಜವಾಗಿ ಕ್ಯಾಮೆರಾ ಹಿಡಿದು ನಿಂತಿದ್ದರು’ ಎಂದು ಮನಸ್ಸು ತಾನಾಗಿಯೇ ಒಪ್ಪಿಕೊಳ್ಳತೊಡಗಿತು.

ನಮ್ಮ ಕಸುಬಿಗೆ ಬೇಕಾದದ್ದು ಈ ಒಪ್ಪಿಗೆಯೇ. ಕಂಪ್ಯೂಟರಿನಲ್ಲಿ ಕಟ್ಟಿದ ಕೋಟೆಗೆ ಎದುರಾಗಿ ಯಾರೂ ನಿಂತಿಲ್ಲ. ಅಲ್ಲಿ ಗಾಜಿಲ್ಲ, ಧೂಳಿಲ್ಲ, ಕೈ ಸೋಲುವ ಹುಡುಗನಿಲ್ಲ. ಎಲ್ಲವೂ ನಿರ್ದುಷ್ಟವಾಗಿರುವುದರಿಂದಲೇ ಎಲ್ಲವೂ ಸುಳ್ಳಾಗಿ ತೋರುತ್ತದೆ. ಆದುದರಿಂದ ಇಲ್ಲದ ಗಾಜಿನ ತಪ್ಪನ್ನು ನಾವು ಹೊಸದಾಗಿ ಸೃಷ್ಟಿಸುತ್ತೇವೆ. ಇದಕ್ಕೆಂದು ಸಿದ್ಧ ಉಪಕರಣಗಳೂ ಇವೆ. ತಮ್ಮ ಅಣ್ಣನೊಡನೆ ಫೋಟೊಶಾಪ್ ತಂತ್ರಾಂಶವನ್ನು ರೂಪಿಸಿದ ಜಾನ್ ನೋಲ್ ಅವರು ಇಂಥ ಹೊಳಪುಗಳನ್ನು ತಯಾರಿಸುವ ಒಂದು ಉಪಕರಣವನ್ನೂ ರಚಿಸಿದರು. ಗುಂಡಿಯೊಂದನ್ನು ಒತ್ತಿದರೆ ನಕ್ಷತ್ರ, ಮಣಿಸಾಲು, ಕಾಮನಬಿಲ್ಲಿನ ಬಳೆ ಎಲ್ಲವೂ ಮೂಡಿ ನಿಲ್ಲುತ್ತವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆ ಗುಂಡಿಯನ್ನು ಧಾರಾಳವಾಗಿ ಒತ್ತಿದೆ. ದೃಶ್ಯ ಇಷ್ಟೇ: ಕೋಟೆಯ ಬುರುಜಿನ ಪಕ್ಕದಲ್ಲಿ ಇಳಿಹೊತ್ತಿನ ಸೂರ್ಯ, ಮುಂದೆ ಬಾವುಟ ಹಿಡಿದ ಕುದುರೆ ಸವಾರರ ಸಾಲು. ನಾನು ಸೂರ್ಯನಿಂದ ಹೊಮ್ಮಿದ ರತ್ನಹಾರವೊಂದನ್ನು ತೆರೆಯ ಉದ್ದಕ್ಕೂ ತೊಡಿಸಿ, ಬಹಳ ಚೆನ್ನಾಗಿದೆಯೆಂದು ನಾನೇ ಬೀಗುತ್ತಿದ್ದೆ. ನಮ್ಮ ಕಚೇರಿಯ ಹಿರಿಯರೊಬ್ಬರು ಹಿಂದೆ ಬಂದು ನಿಂತು ಎರಡು ಸಲ ನೋಡಿದರು. ಆಮೇಲೆ ಮೆತ್ತಗೆ, “ಅಲ್ಲಪ್ಪ, ಈ ಸೂರ್ಯನಿಗೂ ನಿನ್ನ ಹೊಳಪಿಗೂ ಪರಿಚಯವೇ ಇದ್ದ ಹಾಗಿಲ್ಲವಲ್ಲ!” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ದೃಶ್ಯವನ್ನು ನಿಲ್ಲಿಸಿ ತೋರಿಸಿದರು. ಒಬ್ಬ ಸವಾರನ ಬಾವುಟ ಸೂರ್ಯನನ್ನು ಪೂರ್ತಿ ಮುಚ್ಚಿತ್ತು. ಆದರೂ ನನ್ನ ರತ್ನಹಾರ ಒಂದಿಷ್ಟೂ ಕಂದದೆ ಹೊಳೆಯುತ್ತಿತ್ತು. “ತಾಯಿ ಮನೆಯಲ್ಲಿಲ್ಲ, ಮಕ್ಕಳು ಮಾತ್ರ ಜಾತ್ರೆ ಮಾಡುತ್ತಿದ್ದಾವೆ” ಎಂದು ನಕ್ಕು, “ನಿನಗೆ ಸಾಫ್ಟ್‌ವೇರ್ ಬರುತ್ತದೆ. ಬಿಸಿಲು ಬರುವುದಿಲ್ಲ. ಹೋಗಿ ಬಿಸಿಲು ನೋಡಿಕೊಂಡು ಬಾ” ಎಂದರು.

ಬಿಸಿಲಿಗೆ ಬೆನ್ನು ಕೊಟ್ಟು ಬೆಳೆದವನು ನಾನು. ಛಾಯಾಗ್ರಾಹಕನ ಮಗನಿಗೆ ಬಿಸಿಲು ಗೊತ್ತಿಲ್ಲವೆಂಬ ಮಾತು ಚೆನ್ನಾಗಿಯೇ ನಾಟಿತು. ಆ ವಾರದ ಕೊನೆಗೆ ತಿಪಟೂರಿಗೆ ಹೋದೆ. ತಂದೆಯವರು ಸ್ಟುಡಿಯೋ ಮುಚ್ಚಿ ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಬಂದ ಕಾರಣವನ್ನು ಹೇಳಿದಾಗ ಅವರಿಗೆ ನಂಬಿಕೆಯಾಗಲಿಲ್ಲ. “ಬಿಸಿಲು ಹೊಡೆಯೋದನ್ನ ಕಲಿಯೋಕೆ ಬಂದೆಯಾ? ಅದಕ್ಕೆ ಸಂಬಳ ಕೊಡ್ತಾರಾ?” ಎಂದು ಎರಡೆರಡು ಸಲ ಕೇಳಿದರು. ಆದರೂ ಬೀರುವಿನಿಂದ ಹಳೆಯ ಹೀಲಿಯೋಸ್ ಲೆನ್ಸನ್ನು ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ನನ್ನ ಕೈಗಿಟ್ಟರು. ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಉಂಗುರವನ್ನು ಜೋಡಿಸಿ ಅದನ್ನು ಕೂರಿಸಿಕೊಂಡೆ.

ಸಂಜೆ ತೆಂಗಿನ ತೋಟದಲ್ಲಿ ನಿಂತು, ಬೆನ್ನ ಹಿಂದೆ ಬಿಡುತ್ತಿದ್ದ ಸೂರ್ಯನಿಗೆ ಮೊದಲ ಸಲ ಮುಖಾಮುಖಿಯಾಗಿ ಕ್ಯಾಮೆರಾ ಹಿಡಿದೆ. ಕಣ್ಣಿಗೆ ಅಪಾಯವಾಗದಂತೆ, ಕ್ಯಾಮೆರಾದ ಹಿಂದಿನ ಪುಟ್ಟ ತೆರೆಯ ಮೇಲೆ ಮಾತ್ರ ಅದನ್ನು ನೋಡುತ್ತಿದ್ದೆ. ತೆಂಗಿನ ಕಾಂಡದ ಅಂಚಿಗೆ ಸೂರ್ಯ ಸರಿದಾಗ ಎಲ್ಲ ಮಣಿಗಳೂ ಒಟ್ಟಿಗೆ ಕಳೆಗುಂದಿದವು. ಅರ್ಧ ಮರೆಯಾದಾಗ ಅರ್ಧ ಬಡವಾದವು. ಪೂರ್ತಿ ಮರೆಯಾದ ಗಳಿಗೆಯಲ್ಲಿ ಒಂದೂ ಇರಲಿಲ್ಲ. ಅವುಗಳ ಜೊತೆಗೆ ಮಂಜೂ ಹರಿದು, ತೋಟದ ಕಪ್ಪು ಮತ್ತೆ ಕಪ್ಪಾಯಿತು. ಗಾಳಿಗೆ ಗರಿಗಳು ಅಲುಗಿದಾಗ ಅವು ಮಿಣಮಿಣನೆ ನಡುಗಿದವು. ಸೂರ್ಯನು ಚಿತ್ರದ ಚೌಕಟ್ಟಿನಿಂದ ಹೊರಗೆ ಹೋದ ಮೇಲೂ ಸ್ವಲ್ಪ ದೂರದವರೆಗೆ ಮಂಜು ಮಾತ್ರ ಉಳಿದಿತ್ತು. ಬಾಗಿಲ ಮರೆಯಲ್ಲಿ ನಿಂತ ದೊಡ್ಡ ಮನುಷ್ಯನ ಗಾಂಭೀರ್ಯವು ಒಳಗಿನವರಿಗೆ ತಿಳಿಯುವ ಹಾಗೆ!

ರಾತ್ರಿ ತಂದೆಯವರ ಹಳೆಯ ಕತ್ತಲೆ ಕೋಣೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹಿಂದೆ ನೆಗೆಟಿವುಗಳನ್ನು ತೊಳೆಯುತ್ತಿದ್ದ ಆ ಕೋಣೆಗೆ ಈಗಲೂ ಒಂದೆಳೆ ಬೆಳಕು ನುಗ್ಗುತ್ತಿರಲಿಲ್ಲ. ನಾನು ಕ್ಯಾಮೆರಾವನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ತಂದೆಯವರು ಎದುರಿಗೆ ಟಾರ್ಚು ಹಿಡಿದು, ಮಂಗಳಾರತಿ ಎತ್ತುವವರಂತೆ ನಿಧಾನವಾಗಿ ಅದನ್ನು ಆಡಿಸಿದರು. ಕತ್ತಲೆಯಲ್ಲಿ ಬೇರೇನೂ ಕಾಣದುದರಿಂದ ಗಾಜಿನ ತಪ್ಪು ಮಾತ್ರ, ಬೇರೆ ಯಾವುದರ ಕಲಬೆರಕೆಯೂ ಇಲ್ಲದೆ, ಕ್ಯಾಮೆರಾದಲ್ಲಿ ಮೂಡಿತು. ಸಿದ್ಧ ಉಪಕರಣಗಳು ಬರುವ ಮೊದಲೂ ಬಂದ ಮೇಲೂ ನಮ್ಮ ಕಸುಬಿನವರು ಅನುಸರಿಸುವ ಪ್ರಾಮಾಣಿಕವಾದ ದಾರಿ ಇದೇ. ಕತ್ತಲೆಗೆ ಬೆಳಕಿನ ಲೆಕ್ಕದಲ್ಲಿ ಬೆಲೆ ಸೊನ್ನೆ. ಆದ್ದರಿಂದ ಇಂಥ ಚಿತ್ರವನ್ನು ಇನ್ನೊಂದರೊಡನೆ ಕೂಡಿದಾಗ ಫ್ಲೇರ್ ಮಾತ್ರ ಸೇರುತ್ತದೆ.

ಆ ರಾತ್ರಿ ನಾನು ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡೆ. ಎಲ್ಲ ಬಿಲ್ಲೆಗಳೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ; ಆ ಗೆರೆ ಬೆಳಕಿನಿಂದ ಹೊರಟು ಚಿತ್ರದ ನಟ್ಟನಡುವೆ ಹಾದುಹೋಗುತ್ತದೆ. ಬೆಳಕು ಎಡಕ್ಕೆ ಸರಿದರೆ ಕೆಲವು ಬಿಲ್ಲೆಗಳು ಬಲಕ್ಕೆ ಓಡುತ್ತವೆ, ಕೆಲವು ಅದರ ಜೊತೆಯಲ್ಲೇ ಎಡಕ್ಕೆ ಬರುತ್ತವೆ. ಒಂದೊಂದರ ನಡಿಗೆಯೂ ಬೇರೆ. ಬೆಳಕು ನಡುವಿಗೆ ಬಂದಾಗ ಎಲ್ಲವೂ ಅಲ್ಲೇ ಕೂಡುತ್ತವೆ. ಅಂಚಿಗೆ ಹೋದಾಗ ಬಿಲ್ಲೆಗಳ ದುಂಡು ಕತ್ತರಿಸಿ, ಅವು ಸೀಳಿದ ಬಾದಾಮಿಯಂತಾಗುತ್ತವೆ. ಬೆಳಕಿನ ಕಂಡಿಯನ್ನು ಕಿರಿದು ಮಾಡಿದರೆ ಬಿಲ್ಲೆಗಳೂ ಕಿರಿದಾಗಿ, ಕಂಡಿಯ ಆಕಾರವನ್ನು ತಳೆಯುತ್ತವೆ. ಆ ಲೆನ್ಸಿನ ಕಂಡಿಯನ್ನು ಮುಚ್ಚುವ ಲೋಹದ ಎಲೆಗಳು 8. ಆದುದರಿಂದ ಬಿಲ್ಲೆಗಳಿಗೆ 8 ಮೂಲೆ, ನಕ್ಷತ್ರಕ್ಕೆ 8 ಮುಳ್ಳು. ಎಲೆಗಳ ಸಂಖ್ಯೆ ಬೆಸವಾಗಿದ್ದರೆ ಮುಳ್ಳುಗಳು ಅದರ ಎರಡರಷ್ಟಾಗುತ್ತವೆ. 7 ಎಲೆಗೆ 14. ಇದು ವಿವರ್ತನೆಯ ನಿಯಮ. ನನ್ನ ರತ್ನಹಾರದಲ್ಲಿ ನಕ್ಷತ್ರಕ್ಕೆ 6 ಮುಳ್ಳಿದ್ದವು, ಬಿಲ್ಲೆಗಳಿಗೆ 5 ಮೂಲೆಗಳಿದ್ದವು. ಅಂಥ ಲೆನ್ಸನ್ನು ಯಾವ ಕಾರ್ಖಾನೆಯೂ ಮಾಡಲಾರದು.

ಟಾರ್ಚು ಆಡಿಸುತ್ತಿದ್ದ ತಂದೆಯವರಿಗೆ ಮೈಸೂರಿನವರಾದ ವಿ. ಕೆ. ಮೂರ್ತಿಯವರ ನೆನಪು ಬಂತು. ಊರೂರಿನ ಸ್ಟುಡಿಯೋದವರಿಗೆ ಆ ಹೆಸರು ಕುಲದೇವತೆಯ ಹೆಸರಿನಂತೆ. 1959ರಲ್ಲಿ ತೆರೆಕಂಡ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ಗೆ ಛಾಯಾಗ್ರಹಣ ಮಾಡಿದವರು ಅವರು, ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಬಂತು. ಆ ಚಿತ್ರದ ಒಂದು ಹಾಡಿನಲ್ಲಿ, ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿದು ನಿಲ್ಲುತ್ತದೆ. ದೀಪಗಳಿಂದ ಅದು ಸಾಧ್ಯವಾಗದಿರಲು, ಮೂರ್ತಿಯವರು ಹೊರಗೊಂದು ದೊಡ್ಡ ಕನ್ನಡಿಯನ್ನಿಟ್ಟು, ಬಿಸಿಲನ್ನು ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕಿಳಿಸಿದರು. “ಅದು ಮಾಡಿದ್ದೇ ಕಣೋ, ಆದರೆ ಸೂರ್ಯನನ್ನೇ ಕರೆತಂದು ಮಾಡಿದ್ದು” ಎಂದರು ತಂದೆ. ನನಗೆ ಬೇಕಾಗಿದ್ದ ಪಾಠ ಅದೊಂದೇ ಮಾತಿನಲ್ಲಿತ್ತು.

ಬೆಂಗಳೂರಿಗೆ ಹಿಂತಿರುಗಿ ದೃಶ್ಯವನ್ನು ಮೊದಲಿನಿಂದ ಕಟ್ಟಿದೆ. ಸೂರ್ಯನ ಜಾಗವನ್ನು ಚೌಕಟ್ಟು ಚೌಕಟ್ಟಿಗೂ ಗುರುತಿಸಿದೆ. ಪ್ರತಿ ಚೌಕಟ್ಟಿನಲ್ಲೂ ಬಾವುಟಗಳು ಸೂರ್ಯನ ಎಷ್ಟು ಭಾಗವನ್ನು ಮುಚ್ಚಿವೆಯೆಂದು ಅಳೆದು, ಫ್ಲೇರಿನ ಬಲವನ್ನು ಅಷ್ಟಕ್ಕೇ ಕಟ್ಟಿಹಾಕಿದೆ. ಕತ್ತಲೆ ಕೋಣೆಯಲ್ಲಿ ತೆಗೆದ ಬಿಲ್ಲೆಗಳನ್ನು ಕೂಡಿಸಿದೆ. ತೆರೆಯ ಮೇಲಿನ ಅಂಕಿಗಳನ್ನು ಹಾಗೆಯೇ ಕೂಡಿದರೆ ಬೆಳಕು ಸುಣ್ಣ ಬಳಿದಂತಾಗುತ್ತದೆ. ಅವುಗಳನ್ನು ಬೆಳಕಿನ ನಿಜವಾದ ಪ್ರಮಾಣಕ್ಕೆ ತಿರುಗಿಸಿಕೊಂಡು ಕೂಡಬೇಕು. ಫ್ಲೇರ್ ಲೆನ್ಸಿನೊಳಗೆ ಹುಟ್ಟುವುದರಿಂದ ಕೋಟೆ, ಕುದುರೆ, ಸವಾರ ಎಲ್ಲಕ್ಕಿಂತ ಮೇಲೆ ಅದು ಹರಡಬೇಕು. ಆದರೆ ಫಿಲ್ಮಿನ ಮರಳುಮರಳಾದ ಕಣ ಲೆನ್ಸಿನ ಆಚೆ ಹುಟ್ಟುವುದು. ಅದು ಫ್ಲೇರಿನ ಮೇಲೂ ಬರಬೇಕು. ಈ ಕ್ರಮ ತಪ್ಪಿದರೆ ಹೆಸರಿಟ್ಟು ಹೇಳಲಾಗದಿದ್ದರೂ ನೋಡುವವನ ಕಣ್ಣು ಸುಳ್ಳನ್ನು ಗುರುತಿಸುತ್ತದೆ. ಎಲ್ಲ ಮುಗಿದಾಗ ನನ್ನ ರತ್ನಹಾರದಲ್ಲಿ ಉಳಿದದ್ದು ಎರಡೋ ಮೂರೋ ಮಸುಕಾದ ಬಿಲ್ಲೆಗಳು. ಹಿರಿಯರು ನೋಡಿ ಏನನ್ನೂ ಹೇಳದೆ ಮುಂದಿನ ಮೇಜಿಗೆ ಹೋದರು. ಅವರ ಮೆಚ್ಚುಗೆಯ ರೀತಿ ಅದು.

ಮಿತಿ ಮೀರಿದರೆ ಇದೂ ಬೇಸರವೇ. 2009ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ನಿರ್ದೇಶಕ ಜೆ. ಜೆ. ಅಬ್ರಾಮ್ಸ್ ಚೌಕಟ್ಟಿನ ಹೊರಗಿನಿಂದ ಲೆನ್ಸಿಗೆ ಟಾರ್ಚು ಬಿಡಿಸಿ ತೆರೆಯ ತುಂಬ ಹೊಳಪನ್ನು ಚೆಲ್ಲಿದರು. ಅದು ಅತಿಯಾಯಿತೆಂದು ಆಮೇಲೆ ತಾವೇ ಒಪ್ಪಿಕೊಂಡರು. ಉಪ್ಪಿನ ಗುಣವೇ ಹಾಗೆ.

ನಾನು ಹೇಳಬೇಕೆಂದಿದ್ದ ಮಾತು ಇನ್ನೂ ಉಳಿದಿದೆ. ಕತ್ತಲೆ ಕೋಣೆಯಿಂದ ಹೊರಡುವಾಗ ಅಟ್ಟದ ಮೇಲೆ ಬಿಸ್ಕತ್ತಿನ ಆ ಹಳೆಯ ಡಬ್ಬಿ ನನ್ನ ಕಣ್ಣಿಗೆ ಬಿದ್ದಿತ್ತು. ಬಿಸಿಲು ಹೊಡೆದ ಚಿತ್ರಗಳಿಂದ ಇನ್ನಷ್ಟು ಕಲಿಯಬಹುದೆಂದು ಅದನ್ನು ಬೆಂಗಳೂರಿಗೆ ತಂದಿದ್ದೆ. ಯಾರ್‍ಯಾರದೋ ಮದುವೆಗಳ ನಡುವೆ ಒಂದು ನೆಗೆಟಿವಿನಲ್ಲಿ ನನ್ನ ತಾಯಿ ಇದ್ದರು.

ಅದು 1984ರ ಚಿತ್ರ. ಲಕೋಟೆಯ ಮೇಲೆ ತಂದೆಯವರ ಅಕ್ಷರದಲ್ಲಿ ಹಾಗೆಂದು ಬರೆದಿತ್ತು. ತಾಯಿ ತೀರಿಕೊಂಡದ್ದು ಅದಾದ ಎರಡು ವರ್ಷಕ್ಕೆ. ನಮ್ಮ ಮನೆಯಲ್ಲಿದ್ದ ಅವರ ಚಿತ್ರಗಳೆಲ್ಲ ಸ್ಟುಡಿಯೋದ ಪರದೆಯ ಮುಂದೆ ತೆಗೆದವು. ಒಂದರಲ್ಲಿಯೂ ಅವರು ನಗುವುದಿಲ್ಲ. ಆ ಕಾಲದಲ್ಲಿ ಕ್ಯಾಮೆರಾದ ಮುಂದೆ ಯಾರೂ ನಗುತ್ತಿರಲಿಲ್ಲ. ಇದರಲ್ಲಿ ಅವರು ಕೆರೆಯ ಏರಿಯ ಮೇಲೆ ನಿಂತು ಬಾಯಿತುಂಬ ನಗುತ್ತಿದ್ದರು. ಸೂರ್ಯನು ಎಡ ಮೂಲೆಯಲ್ಲಿ, ಚೌಕಟ್ಟಿನಿಂದ ಸ್ವಲ್ಪ ಹೊರಗೆ. ಚಿತ್ರದ ಮೇಲೆಲ್ಲ ಮಂಜು. ಅಲ್ಲಿಂದ ಅಡ್ಡಲಾಗಿ ಇಳಿದ ಎಂಟು ಮೂಲೆಯ ಬಿಲ್ಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೆಳಗೆ ಬಲಗಡೆ ಅವರ ಕೈಯ ಮೇಲೆ ಬಿದ್ದಿತ್ತು.

ನನಗೆ ಬಲ್ಲ ವಿದ್ಯೆ ಇನ್ನಾವುದಕ್ಕೆ? ಕೂಡುವುದನ್ನು ಬಲ್ಲವನು ಕಳೆಯುವುದನ್ನೂ ಬಲ್ಲ. ಮಂಜನ್ನು ಅಳೆದು, ಅಷ್ಟೇ ಬೆಳಕನ್ನು ಚಿತ್ರದಿಂದ ಕಳೆದೆ. ಕೆರೆಯ ನೀರು ಕಪ್ಪಾಯಿತು, ಸೀರೆಯ ಅಂಚು ಮೂಡಿತು, ತಾಯಿಯ ಮುಖ ಹೊರಗೆ ಬಂತು. ಚಿಕ್ಕ ಬಿಲ್ಲೆಗಳನ್ನೂ ಒಂದೊಂದಾಗಿ ತೆಗೆದೆ. ಕೈಯ ಮೇಲಿನ ದೊಡ್ಡ ಬಿಲ್ಲೆಯ ಹತ್ತಿರ ಬಂದಾಗ ಕೆಲಸ ನಿಂತಿತು. ಅಲ್ಲಿ ನೆಗೆಟಿವು ಪೂರ್ತಿ ಕಪ್ಪುಗಟ್ಟಿಹೋಗಿತ್ತು. ಬೆಳಕು ಮಿತಿಯನ್ನು ದಾಟಿದ ಕಡೆ ಕೆಳಗೆ ಏನಿತ್ತೆಂಬುದು ಫಿಲ್ಮಿನಲ್ಲಿ ದಾಖಲಾಗುವುದೇ ಇಲ್ಲ. ಕಳೆಯುವುದಕ್ಕೆ ಉಳಿದದ್ದೇನೂ ಇರಲಿಲ್ಲ. ತಾಯಿಯ ಕೈ ಬೇಕೆಂದರೆ ನಾನೇ ಅದನ್ನು ಬರೆಯಬೇಕಾಗಿತ್ತು.

ಅದು ಕಷ್ಟದ ಕೆಲಸವಲ್ಲ. ಎಷ್ಟೋ ಚಿತ್ರಗಳಲ್ಲಿ ಎಷ್ಟೋ ಜನರ ಕೈಗಳನ್ನು ನಾನು ಬರೆದಿದ್ದೇನೆ. ಕುಂಚವನ್ನು ಹಿಡಿದು ಕುಳಿತೆ. ಬೆರಳುಗಳು ಉದ್ದವಾಗಿದ್ದವೋ, ಮೋಟಾಗಿದ್ದವೋ? ಬಳೆ ಎಷ್ಟಿದ್ದವು? ಆ ಕೈಯಲ್ಲಿ ಏನಾದರೂ ಹಿಡಿದಿದ್ದರೇ? ನನಗೆ ಅನ್ನ ಕಲಸಿಕೊಟ್ಟ ಕೈ; ಅದರ ಆಕಾರ ನನಗೆ ನೆನಪಿರಲಿಲ್ಲ. ಬಹಳ ಹೊತ್ತು ಹಾಗೆಯೇ ಕುಳಿತಿದ್ದು, ಕೊನೆಗೆ ತಂದೆಯವರಿಗೆ ಫೋನು ಮಾಡಿದೆ.

“ಅಪ್ಪಾ, ಕೆರೆ ಏರಿಯ ಮೇಲೆ ಅಮ್ಮನದೊಂದು ಚಿತ್ರವಿದೆಯಲ್ಲ, ಅದರಲ್ಲಿ ಅವರ ಕೈಯಲ್ಲಿ ಏನಿತ್ತು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಗೊತ್ತಿಲ್ಲ ಮಗು. ಯಾಕೆ?”

ವಿಷಯವನ್ನು ಹೇಳಿದೆ. ಅವರು ನಕ್ಕರು. “ಆವತ್ತು ಕೊಡೆ ಹಿಡಿದಿದ್ದವನು ನೀನೇ. ನೆನಪಿಲ್ಲವಾ? ಏರಿಯ ಮೇಲೆ ಗಾಳಿ ಜೋರು. ಕೊಡೆ ತಿರುಗಿಕೊಂಡು ನಿನ್ನನ್ನೇ ಎಳೆದುಕೊಂಡು ಹೋಯಿತು. ನೀನು ಬಿಡದೆ ಅದರ ಹಿಂದೆ ಓಡಿದೆ. ಅದನ್ನು ನೋಡಿ ನಿಮ್ಮಮ್ಮ ನಕ್ಕಳು. ನಾನು ಒತ್ತಿಬಿಟ್ಟೆ.” ಮತ್ತೆ ಒಂದು ಗಳಿಗೆ ಬಿಟ್ಟು, “ಕೊಡೆ ನೆಟ್ಟಗಿದ್ದಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಆದರೆ ಅವಳು ನಗುತ್ತಿರಲಿಲ್ಲ. ಅದನ್ನು ಹಾಗೇ ಬಿಡು” ಎಂದರು.

ನಾನು ಕಳೆದದ್ದನ್ನೆಲ್ಲ ಮತ್ತೆ ಕೂಡಿದೆ. ಮಂಜು ಬಂತು, ಬಿಲ್ಲೆಗಳು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಚಿತ್ರವನ್ನು ಇದ್ದ ಹಾಗೆಯೇ ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ತಿಪಟೂರಿಗೆ ಒಯ್ದು ಕೊಟ್ಟೆ. ಬಿಸಿಲು ಹೊಡೆದ ಚಿತ್ರವನ್ನು ತಂದೆಯವರು ನಡುಮನೆಯ ಗೋಡೆಗೆ ತೂಗುಹಾಕಿದ್ದು ಅದೇ ಮೊದಲು. ಮನೆಗೆ ಬಂದವರು ಅದರಲ್ಲಿ ತಾಯಿಯ ನಗುವನ್ನು ನೋಡುತ್ತಾರೆ. ಚೌಕಟ್ಟಿನ ಹೊರಗೆ ಕೊಡೆಯ ಹಿಂದೆ ಓಡುತ್ತಿರುವ ಹುಡುಗ ನಮ್ಮಿಬ್ಬರಿಗೆ ಮಾತ್ರ ಕಾಣುತ್ತಾನೆ.

ಈಗಲೂ ಕಚೇರಿಯಲ್ಲಿ ಹೊಸ ದೃಶ್ಯವೊಂದು ನನ್ನ ಮುಂದೆ ಬಂದಾಗ, ಫ್ಲೇರನ್ನು ಸೇರಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಇಲ್ಲಿ ಕ್ಯಾಮೆರಾ ಹಿಡಿದು ನಿಂತವರು ಯಾರು? ಅವರ ಗಾಜು ಯಾವುದು? ಸೂರ್ಯನಿಗೆ ಅಡ್ಡ ಬಂದದ್ದೇನು? ಇವಕ್ಕೆ ಉತ್ತರ ಸಿಕ್ಕಿದರೆ ತಪ್ಪು ತಾನಾಗಿಯೇ ಸರಿಯಾಗಿ ಬರುತ್ತದೆ.